ನೀರು ಕಡಿಮೆ ಇದ್ದರೂ ಊರು ಮುಳುಗುತ್ತದೆ: ಹೆಪ್ಪುಗಟ್ಟಿದ ಹೊಳೆ ಒಡೆಯುವಾಗ ಏನು ಮಾಡುತ್ತಾರೆ?

ಮಳೆಗಾಲ ಬಂತೆಂದರೆ ಹರಿಹರ, ಹೊನ್ನಾಳಿ ಕಡೆಯವರು ಕೇಳುವುದು ಒಂದೇ ಲೆಕ್ಕ. ಗಾಜನೂರಿನಿಂದ ಎಷ್ಟು ಬಿಟ್ಟರು? ಭದ್ರಾದಿಂದ ಎಷ್ಟು? ಆ ಕ್ಯೂಸೆಕ್ ಲೆಕ್ಕ ಕಿವಿಗೆ ಬಿದ್ದರೆ ಸಾಕು, ಬಾಲರಾಜ ಘಾಟ್‌ಗೆ ನೀರು ಬರುತ್ತದಾ, ಗಂಗಾನಗರದವರು ಸಾಮಾನು ಕಟ್ಟಬೇಕಾ, ಉಕ್ಕಡಗಾತ್ರಿಯ ಸ್ನಾನಘಟ್ಟ ಮುಳುಗುತ್ತದಾ ಅಂತ ದಡದ ಹಳಬರು ಅಂದಾಜು ಹೇಳಿಬಿಡುತ್ತಾರೆ. ಮೇಲಿಂದ ನೀರು ಜಾಸ್ತಿ ಬಂದರೆ ನೆರೆ, ಕಡಿಮೆ ಬಂದರೆ ನೆಮ್ಮದಿ. ನಮ್ಮ ತುಂಗಭದ್ರೆಯ ಮಟ್ಟಿಗೆ ಇದು ಸರಿಯಾದ ಲೆಕ್ಕವೇ.

ಆದರೆ ಈ ಲೆಕ್ಕ ಕೈಕೊಡುವ ಹೊಳೆಗಳೂ ಇವೆ. ಕೆನಡಾ, ಅಲಾಸ್ಕಾ, ಸೈಬೀರಿಯಾ, ಫಿನ್‌ಲ್ಯಾಂಡ್, ಉತ್ತರ ಚೀನಾ ಕಡೆ ಚಳಿಗಾಲದಲ್ಲಿ ಹೊಳೆಯ ಮೇಲ್ಮೈ ಪೂರ್ತಿ ಹೆಪ್ಪುಗಟ್ಟುತ್ತದೆ. ವಸಂತ ಬಂದಾಗ ಆ ಮಂಜುಗಡ್ಡೆ ಒಡೆದು ತೇಲಿ ಬರುತ್ತದೆ. ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ಹೊಳೆಗೇ ಅಡ್ಡಗಟ್ಟೆ ಹಾಕುತ್ತದೆ. ಇದನ್ನು ಐಸ್ ಜಾಮ್ ಅನ್ನುತ್ತಾರೆ. ಆಗ ಹೊಳೆಯಲ್ಲಿ ಹರಿಯುತ್ತಿರುವ ನೀರು ಸಾಧಾರಣವಾಗಿದ್ದರೂ ಹಿಂದಿನ ಊರು ಮುಳುಗುತ್ತದೆ. ನೀರು ಎಷ್ಟು ಬಂತು ಅನ್ನುವುದಕ್ಕಿಂತ ಎಲ್ಲಿ ನಿಂತಿತು ಅನ್ನುವುದೇ ಅಲ್ಲಿ ಮುಖ್ಯ.

ಇದೆಲ್ಲ ದಾವಣಗೆರೆಯವರಿಗೆ ಯಾಕೆ ಅಂತ ಕೇಳಬಹುದು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇವತ್ತು ಓದಲಿಕ್ಕೆ, ಕೆಲಸಕ್ಕೆ ಅಂತ ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇದ್ದಾರೆ. ಏಪ್ರಿಲ್‌ನಲ್ಲಿ ಅಲ್ಲಿಂದ "ನಮ್ಮ ಊರಲ್ಲಿ ಫ್ಲಡ್ ವಾರ್ನಿಂಗ್ ಇದೆ" ಅಂತ ಫೋನ್ ಬಂದರೆ ಇಲ್ಲಿ ಅಮ್ಮ ಅಪ್ಪನಿಗೆ ಏನೂ ಅರ್ಥವಾಗುವುದಿಲ್ಲ. ಮಳೆಯೇ ಇಲ್ಲ, ಹೊರಗೆ ಚಳಿ, ನೆರೆ ಎಲ್ಲಿಂದ ಬಂತು? ನ್ಯಾಯವಾದ ಪ್ರಶ್ನೆ. ಬುಡದಿಂದಲೇ ನೋಡೋಣ.

ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗುತ್ತದೆ. ಗಡ್ಡೆಯಾದ ಮೇಲಂತೂ ಒಂದು ಘನ ಮೀಟರ್‌ಗೆ ಸುಮಾರು 917 ಕಿಲೋ ಅಷ್ಟೇ ತೂಗುತ್ತದೆ. ಹಾಗಾಗಿ ಗಡ್ಡೆ ತೇಲುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ನೀರೊಳಗೆ ಇರುತ್ತದೆ. ನಿಂತ ಕೆರೆಯಲ್ಲಾದರೆ ಮೇಲೊಂದು ನೀಟಾದ ಹಾಳೆ ಕಟ್ಟಿಕೊಂಡು ಮುಗಿಯಿತು. ಹೊಳೆಯಲ್ಲಿ ಅಷ್ಟು ಸರಳ ಅಲ್ಲ. ರಭಸವಾಗಿ ಹರಿಯುವ ಕಡೆ ನೀರು ಸೊನ್ನೆಗಿಂತ ಒಂದು ಡಿಗ್ರಿಯ ನೂರರಲ್ಲಿ ಕೆಲವು ಭಾಗದಷ್ಟು ಮಾತ್ರ ಕೆಳಗಿಳಿದು, ನೀರಿನ ಒಳಗೇ ಸಣ್ಣ ಸಣ್ಣ ಹರಳುಗಳು ಹುಟ್ಟುತ್ತವೆ. ಫ್ರೇಜಿಲ್ ಅನ್ನುತ್ತಾರೆ. ಈ ಹರಳು ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ: ತಳದ ಕಲ್ಲಿಗೆ, ಸೇತುವೆ ಕಂಬಕ್ಕೆ, ಕುಡಿಯುವ ನೀರಿನ ಜಾಕ್‌ವೆಲ್ ಜಾಲರಿಗೆ. ಪೋಲೆಂಡಿನ ವಿಸ್ತುಲಾ ನದಿಯಲ್ಲಿ 1982ರ ಜನವರಿಯಲ್ಲಿ ವ್ವೊತ್ಸ್ಲಾವೆಕ್ ಜಲಾಶಯದ ಹಿನ್ನೀರಲ್ಲಿ ಇಂಥ ಹರಳಿನ ಕೆಸರೇ ಸೇರಿಕೊಂಡು ದೊಡ್ಡ ನೆರೆ ತಂದಿತ್ತು. ಅಂದರೆ ಒಡೆಯುವಾಗ ಮಾತ್ರವಲ್ಲ, ಹೆಪ್ಪುಗಟ್ಟುವಾಗಲೂ ಜಾಮ್ ಆಗುತ್ತದೆ.

ಒಂದು ಸಲ ಮೇಲೆ ಪೂರ್ತಿ ಮುಚ್ಚಿದ ಮೇಲೆ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ಆದರೆ ಈಗ ಅದಕ್ಕೆ ಕೆಳಗಿನ ತಳವೂ ತಿಕ್ಕುತ್ತದೆ, ಮೇಲಿನ ಗಡ್ಡೆಯೂ ತಿಕ್ಕುತ್ತದೆ. ವೇಗ ಕಡಿಮೆಯಾಗುತ್ತದೆ. ಅಷ್ಟೇ ನೀರನ್ನು ಸಾಗಿಸಬೇಕಾದರೆ ಆಳ ಹೆಚ್ಚಾಗಲೇಬೇಕು. ತಳ ಮತ್ತು ಗಡ್ಡೆ ಒಂದೇ ರೀತಿ ಒರಟಾಗಿದ್ದರೆ ಆಳ ಸುಮಾರು ಶೇ 30ರಷ್ಟು ಏರುತ್ತದೆ ಅಂತ ಹೈಡ್ರಾಲಿಕ್ಸ್ ಲೆಕ್ಕ ಹೇಳುತ್ತದೆ. ಅದರ ಮೇಲೆ ಗಡ್ಡೆಯ ದಪ್ಪ ಬೇರೆ. ಜಾಮ್ ಇನ್ನೂ ಶುರುವೇ ಆಗಿಲ್ಲ, ಹೊಳೆ ಆಗಲೇ ಮೇಲೆ ಬಂದಿದೆ ನೋಡಿ.

ಗಡ್ಡೆ ಎಷ್ಟು ದಪ್ಪ ಆಗುತ್ತದೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕವಿದೆ. ಸೊನ್ನೆಗಿಂತ ಕೆಳಗಿನ ಡಿಗ್ರಿಗಳನ್ನು ದಿನದಿನವೂ ಕೂಡಿಸುತ್ತಾ ಹೋಗುತ್ತಾರೆ. ಸರಾಸರಿ ಮೈನಸ್ 16 ಡಿಗ್ರಿ 100 ದಿನ ಇದ್ದರೆ ಮೊತ್ತ 1600. ಅದರ ವರ್ಗಮೂಲ 40. ಅದನ್ನು ಆ ಹೊಳೆಯ ಗುಣಾಂಕದಿಂದ ಗುಣಿಸಬೇಕು. ಗುಣಾಂಕ 2 ಅಂತಿಟ್ಟುಕೊಂಡರೆ 80 ಸೆಂಟಿಮೀಟರ್. ಮೊತ್ತ 400 ಆಗಿದ್ದರೆ 40 ಸೆಂಟಿಮೀಟರ್. ಚಳಿ ನಾಲ್ಕು ಪಟ್ಟಾದರೆ ದಪ್ಪ ಎರಡೇ ಪಟ್ಟು, ಯಾಕೆಂದರೆ ಕಟ್ಟಿದ ಗಡ್ಡೆಯೇ ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಮೇಲೆ ಹಿಮ ಬಿದ್ದಿದ್ದರೆ ಹೊದಿಕೆ ಇನ್ನೂ ಗಟ್ಟಿ, ಗಡ್ಡೆ ಇನ್ನೂ ನಿಧಾನವಾಗಿ ಬೆಳೆಯುತ್ತದೆ.

ಈಗ ಮುಖ್ಯ ವಿಷಯ, ಒಡೆಯುವುದು. ಇದು ಎರಡು ರೀತಿ ನಡೆಯುತ್ತದೆ. ಒಂದು, ಬಿಸಿಲಿಗೆ ನಿಧಾನವಾಗಿ ಹಣ್ಣಾಗಿ ಒಡೆಯುವುದು. ಬಿಸಿಲು ಗಡ್ಡೆಯೊಳಗೆ ಇಳಿದು ಹರಳುಗಳ ನಡುವಿನ ಅಂಚನ್ನು ಕರಗಿಸುತ್ತದೆ. ದಪ್ಪ ಅಷ್ಟೇ ಇದ್ದರೂ ಒಳಗೆಲ್ಲ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಂಡು ಮುಟ್ಟಿದರೆ ಉದುರುವ ಹಾಗಾಗುತ್ತದೆ. ಹೊಳೆ ಅಷ್ಟರಲ್ಲಿ ಏರದಿದ್ದರೆ ಯಾರಿಗೂ ತೊಂದರೆಯಿಲ್ಲದೆ ಕರಗಿ ಹೋಗುತ್ತದೆ. ಇನ್ನೊಂದು ರೀತಿಯದೇ ಅಪಾಯ. ಗಡ್ಡೆ ಇನ್ನೂ ಗಟ್ಟಿಯಾಗಿರುವಾಗಲೇ ಮೇಲೆ ಎಲ್ಲೋ ಹಿಮ ಸರ್ರನೆ ಕರಗಿ ಅಥವಾ ಮಳೆ ಬಿದ್ದು ಹೊಳೆ ಏರುತ್ತದೆ, ದಡಕ್ಕೆ ಅಂಟಿದ್ದ ಹಾಳೆಯನ್ನು ಎತ್ತಿ, ಬಗ್ಗಿಸಿ, ದೊಡ್ಡ ದೊಡ್ಡ ಚಪ್ಪಡಿಗಳಾಗಿ ಮುರಿದು, ಎಲ್ಲವನ್ನೂ ಒಟ್ಟಿಗೆ ತಳ್ಳಿಕೊಂಡು ಹೊರಡುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, 80 ಸೆಂಟಿಮೀಟರ್ ದಪ್ಪದ ಒಂದೇ ಚಪ್ಪಡಿ ಸುಮಾರು 73 ಟನ್ ತೂಗುತ್ತದೆ. ಅಂಥ ನೂರಾರು ಚಪ್ಪಡಿ ಒಟ್ಟಿಗೆ ಬಂದರೆ ದಡದ ಮರ, ಮನೆ, ಸೇತುವೆ ಯಾವುದೂ ಲೆಕ್ಕಕ್ಕಿಲ್ಲ. 1938ರ ಜನವರಿ 27ರಂದು ನಯಾಗರಾದ ಹನಿಮೂನ್ ಬ್ರಿಜ್ ಬಿದ್ದದ್ದು ಹೀಗೆಯೇ. ಗಾಳಿಗೆ ಈರಿ ಸರೋವರದಿಂದ ನುಗ್ಗಿದ ಗಡ್ಡೆ ಸೇತುವೆಯ ಬುಡಕ್ಕೇ ಒತ್ತಿ ಇಡೀ ಕಮಾನನ್ನು ಕೆಡವಿತು.

ಹೊಳೆ ಯಾವ ದಿಕ್ಕಿಗೆ ಹರಿಯುತ್ತದೆ ಅನ್ನುವುದು ಇಲ್ಲಿ ತುಂಬಾ ಮುಖ್ಯ. ನಮ್ಮ ತುಂಗಭದ್ರೆ ಕೂಡ್ಲಿಯಿಂದ ಹೊನ್ನಾಳಿ, ಹರಿಹರದ ಕಡೆಗೆ ಉತ್ತರಕ್ಕೇ ಹರಿಯುತ್ತಾಳೆ. ನಮಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಸೈಬೀರಿಯಾದ ಲೇನಾ, ಕೆನಡಾದ ಮ್ಯಾಕೆಂಜಿ, ಅಮೆರಿಕದಿಂದ ಕೆನಡಾದ ವಿನಿಪೆಗ್‌ಗೆ ಹೋಗುವ ರೆಡ್ ರಿವರ್, ಇವೂ ಉತ್ತರಕ್ಕೇ ಹರಿಯುತ್ತವೆ. ಅಲ್ಲಿ ಉತ್ತರ ಅಂದರೆ ಇನ್ನೂ ಜಾಸ್ತಿ ಚಳಿ. ದಕ್ಷಿಣದ ಮೇಲ್ಭಾಗದಲ್ಲಿ ವಸಂತ ಬಂದು ಹೊಳೆ ಬಿಟ್ಟುಕೊಂಡಿರುತ್ತದೆ, ಕೆಳಭಾಗದಲ್ಲಿ ಇನ್ನೂ ಕಲ್ಲಿನಂಥ ಗಡ್ಡೆ. ಮೇಲಿಂದ ಬಂದ ಚಪ್ಪಡಿಗಳಿಗೆ ಹೋಗಲು ದಾರಿಯೇ ಇಲ್ಲ. ಚೀನಾದ ಹಳದಿ ನದಿಯೂ ಒಳ ಮಂಗೋಲಿಯಾದ ಕಡೆ ಉತ್ತರಕ್ಕೆ ತಿರುಗುತ್ತದೆ. 2008ರ ಮಾರ್ಚ್‌ನಲ್ಲಿ ಅಲ್ಲಿ ಗಡ್ಡೆ ಕಟ್ಟಿಕೊಂಡು ಹೊಳೆದಡದ ಏರಿಯೇ ಒಡೆದಿತ್ತು.

ಜಾಮ್ ಎಲ್ಲಿ ಕಟ್ಟುತ್ತದೆ ಅಂತ ಊಹಿಸಲಿಕ್ಕೆ ಭದ್ರಾ ನಾಲೆಯ ಕೊನೆಭಾಗದ ರೈತರನ್ನು ಕೇಳಿದರೂ ಸಾಕು. ನಾಲೆಯಲ್ಲಿ ತೇಲಿ ಬರುವ ಅಂತರಗಂಗೆ, ಬಾಳೆದಿಂಡು, ಕಸ ನೇರ ಓಟದಲ್ಲಿ ನಿಲ್ಲುವುದಿಲ್ಲ. ತಿರುವಿನಲ್ಲಿ, ಸಣ್ಣ ಸೇತುವೆಯ ಕಣ್ಣಲ್ಲಿ, ನೀರಿನ ಓಟ ನಿಧಾನವಾಗುವ ಕಡೆ ನಿಲ್ಲುತ್ತದೆ, ಒಂದು ನಿಂತರೆ ಹಿಂದಿನದೆಲ್ಲ ಅದಕ್ಕೇ ಸೇರಿಕೊಂಡು ನೀರು ಬದಿಯ ಹೊಲಕ್ಕೆ ನುಗ್ಗುತ್ತದೆ. ಐಸ್ ಜಾಮ್ ಕೂಡ ಹಾಗೆಯೇ. ತಿರುವು, ನಡುಗಡ್ಡೆ, ಸೇತುವೆ, ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಜಾಗ, ಉಪನದಿ ಸೇರುವ ಸಂಗಮ, ಜಲಾಶಯದ ಹಿನ್ನೀರಿನ ತುದಿ, ಇವೇ ಜಾಗಗಳು. ವ್ಯತ್ಯಾಸ ಏನೆಂದರೆ ಚಪ್ಪಡಿಗಳು ಒಂದರ ಕೆಳಗೊಂದು ನುಸುಳಿ, ಮೇಲೆ ಹತ್ತಿ, ಹಲವು ಮೀಟರ್ ದಪ್ಪದ ಒರಟು ರಾಶಿಯಾಗುತ್ತವೆ, ಕೆಲವು ಕಡೆ ತಳಕ್ಕೇ ಕೂರುತ್ತವೆ.

ಆಮೇಲೆ ನೀರು ಏರುವ ವೇಗ ಇದೆಯಲ್ಲ, ಅದು ನಮ್ಮ ಕಡೆಯವರ ಊಹೆಗೆ ಮೀರಿದ್ದು. ನಮಗೆ ಡ್ಯಾಂನಿಂದ ನೀರು ಬಿಟ್ಟ ಮೇಲೆ ಹರಿಹರಕ್ಕೆ ಬರುವಷ್ಟರಲ್ಲಿ ಡಂಗುರ ಸಾರಲು, ಕಾಳಜಿ ಕೇಂದ್ರ ತೆರೆಯಲು ಹೊತ್ತಿರುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದ ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ 1992ರ ಮಾರ್ಚ್ 11ರ ಬೆಳಗ್ಗೆ ವಿನೂಸ್ಕಿ ನದಿಯ ಗಡ್ಡೆ ಒಂದು ಸೇತುವೆಗೆ ಸಿಕ್ಕಿಕೊಂಡಿತು. ಒಂದು ಗಂಟೆಯೊಳಗೆ ಪೇಟೆಯೆಲ್ಲ ನೀರು. ಕೆನಡಾದ ಫೋರ್ಟ್ ಮೆಕ್‌ಮರಿಯಲ್ಲಿ 2020ರ ಏಪ್ರಿಲ್ ಕೊನೆಯಲ್ಲಿ ಅಥಾಬಾಸ್ಕ ನದಿಯಲ್ಲಿ ಸುಮಾರು 25 ಕಿಲೋಮೀಟರ್ ಉದ್ದದ ಜಾಮ್ ಕಟ್ಟಿ, ನೀರು ಕ್ಲಿಯರ್‌ವಾಟರ್ ನದಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಕೊರೋನಾ ಲಾಕ್‌ಡೌನ್ ನಡುವೆಯೇ ಸುಮಾರು 13,000 ಜನರನ್ನು ಮನೆ ಬಿಡಿಸಬೇಕಾಯಿತು. ವಿಮೆ ಇದ್ದ ನಷ್ಟವೇ 50 ಕೋಟಿ ಕೆನಡಾ ಡಾಲರ್ ದಾಟಿತು. ಆಗ ಅಲ್ಲಿ ದೊಡ್ಡ ಮಳೆಯೇನೂ ಸುರಿದಿರಲಿಲ್ಲ.

ಹಾಗಾದರೆ ಇದನ್ನು ತಡೆಯುವುದು ಹೇಗೆ? ಗಡ್ಡೆ ಕರಗಿಸಿಬಿಡಬಹುದಲ್ಲ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. 200 ಮೀಟರ್ ಅಗಲದ ಹೊಳೆಯಲ್ಲಿ ಒಂದೇ ಕಿಲೋಮೀಟರ್ ಉದ್ದಕ್ಕೆ 80 ಸೆಂಟಿಮೀಟರ್ ಗಡ್ಡೆ ಅಂದರೆ ಸುಮಾರು ಒಂದೂವರೆ ಲಕ್ಷ ಟನ್. ಒಂದು ಕಿಲೋ ಗಡ್ಡೆ ಕರಗಿಸಲು ಬೇಕಾದ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಅಷ್ಟು ಸೌದೆ, ಅಷ್ಟು ಡೀಸೆಲ್ ಯಾರ ಹತ್ತಿರವೂ ಇಲ್ಲ. ಗಡ್ಡೆ ಹೋಗಬೇಕು, ಹೋಗಿಯೇ ಹೋಗುತ್ತದೆ. ಅದು ಯಾವಾಗ ಹೊರಡಬೇಕು, ಎಷ್ಟು ದೊಡ್ಡ ತುಂಡುಗಳಾಗಿ ಹೊರಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಮಾತ್ರ ಮನುಷ್ಯ ಸ್ವಲ್ಪ ಕೈ ಆಡಿಸಬಹುದು. ಈ ಕೆಲಸವೆಲ್ಲ ಜಾಮ್ ಕಟ್ಟುವ ಮೊದಲೇ ಮುಗಿಯಬೇಕು. ಕಟ್ಟಿದ ಮೇಲೆ ಮಾಡಲು ಉಳಿಯುವುದು ಬಹಳ ಕಡಿಮೆ.

ಮೊದಲ ಉಪಾಯ, ಬಿಸಿಲಿಗೆ ಸಹಾಯ ಮಾಡುವುದು. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಅದರ ಮೇಲೆ ಕಪ್ಪು ಮರಳು, ಬೂದಿ, ಕಲ್ಲಿದ್ದಲ ಪುಡಿ ತೆಳ್ಳಗೆ ಎರಚಿದರೆ ಬಿಸಿಲನ್ನು ಹೀರಿಕೊಂಡು ಅಲ್ಲಲ್ಲೇ ತೂತು ಬೀಳುತ್ತದೆ, ಗಡ್ಡೆ ಸಡಿಲವಾಗುತ್ತದೆ. ರಷ್ಯಾದ ಯಾಕೂತಿಯಾದಲ್ಲಿ ಲೇನಾ ನದಿಯ ಕೆಲವು ಆಯ್ದ ಜಾಗಗಳಲ್ಲಿ ವಸಂತಕ್ಕೆ ಮೊದಲು ಗಡ್ಡೆಯನ್ನು ಗರಗಸದಿಂದ ಸೀಳುವುದು, ಕಪ್ಪು ಮಾಡುವುದು ಎರಡನ್ನೂ ಮಾಡುತ್ತಾರೆ. ಅಲಾಸ್ಕಾದಲ್ಲೂ ಮರಳು ಎರಚಿ ನೋಡಿದ್ದಾರೆ. ಖರ್ಚು ಕಡಿಮೆ. ತೊಂದರೆಯೂ ಇದೆ: ಮಾರನೇ ದಿನವೇ ಎರಡು ಬೆರಳು ಹೊಸ ಹಿಮ ಬಿದ್ದರೆ ಮಾಡಿದ್ದೆಲ್ಲ ಮುಚ್ಚಿಹೋಗುತ್ತದೆ. ಬಿಸಿಲು ಏರುವ ಮೊದಲು ಎರಚಿದರೆ ಪ್ರಯೋಜನವಿಲ್ಲ, ತಡವಾದರೆ ಹೊಳೆ ಕಾಯುವುದಿಲ್ಲ. ಏನು ಎರಚುತ್ತೀರೋ ಅದೆಲ್ಲ ಕೊನೆಗೆ ಕುಡಿಯುವ ನೀರಿಗೇ ಸೇರುತ್ತದೆ ಅನ್ನುವುದನ್ನೂ ಮರೆಯುವಂತಿಲ್ಲ. ನನ್ನ ಮಟ್ಟಿಗೆ ಕಲ್ಲಿದ್ದಲ ಪುಡಿಗಿಂತ ಸಾದಾ ಮರಳು ಎಷ್ಟೋ ವಾಸಿ.

ಸೀಳುವ ಕೆಲಸ ಇನ್ನೂ ಕುತೂಹಲದ್ದು. ಕೆನಡಾದ ಮ್ಯಾನಿಟೋಬಾದಲ್ಲಿ, ವಿನಿಪೆಗ್‌ನಿಂದ ಉತ್ತರಕ್ಕೆ ಸೆಲ್ಕರ್ಕ್ ಊರಿನ ಆಚೆ, ರೆಡ್ ರಿವರ್ ಹೊಳೆ ವಿನಿಪೆಗ್ ಸರೋವರಕ್ಕೆ ಸೇರುವ ಸಮತಟ್ಟಾದ ಜಾಗದಲ್ಲಿ ಜಾಮ್ ಕಟ್ಟುವುದು ಮಾಮೂಲು. ಅಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಮೊದಲು ಗರಗಸದ ಯಂತ್ರ ಓಡಿಸಿ ಗಡ್ಡೆಯ ಮೇಲೆ ಗೆರೆ ಕೊಯ್ಯುತ್ತಾರೆ. ಪೂರ್ತಿ ಆಳಕ್ಕೆ ಕೊಯ್ಯುವುದಿಲ್ಲ. ಕೊಯ್ದರೆ ಕೆಳಗಿನ ನೀರು ಮೇಲೆ ಉಕ್ಕಿ ರಾತ್ರಿ ಚಳಿಗೆ ಮತ್ತೆ ಹೆಪ್ಪುಗಟ್ಟಿ ಕೊಯ್ದದ್ದೆಲ್ಲ ದಂಡ. ಆಮೇಲೆ ಆಂಫಿಬೆಕ್ಸ್ ಅನ್ನುವ, ನೀರಲ್ಲೂ ತೇಲುವ, ಗಡ್ಡೆಯ ಮೇಲೂ ಹತ್ತುವ ಯಂತ್ರ ಬರುತ್ತದೆ. ಇಪ್ಪತ್ತು ಟನ್‌ಗೂ ಮೀರಿದ ಭಾರ. ನೋಡಲಿಕ್ಕೆ ನಮ್ಮ ಹಿಟಾಚಿಗೆ ದೋಣಿ ಜೋಡಿಸಿದ ಹಾಗೆ. ಕೈಯಿಂದ ಊರಿಕೊಂಡು ಗಡ್ಡೆಯ ಅಂಚಿನ ಮೇಲೆ ಹತ್ತುತ್ತದೆ, ತನ್ನ ಭಾರದಿಂದಲೇ ಅದನ್ನು ಮುರಿಯುತ್ತದೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಕೆಲಸ ಮಾಡಿಕೊಂಡು ಹೋಗಬೇಕು. ಮುರಿದ ತುಂಡಿಗೆ ಮುಂದೆ ಹೋಗಲು ಖಾಲಿ ನೀರು ಬೇಕು. ಮೇಲಿಂದ ಶುರು ಮಾಡಿದರೆ ನಾವೇ ಜಾಮ್ ಕಟ್ಟಿಸಿಕೊಟ್ಟಂತೆ.

ಕೆನಡಾದ ರಾಜಧಾನಿ ಒಟ್ಟಾವದಲ್ಲಿ ರಿಡೋ ನದಿಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರತಿ ವರ್ಷ ಮದ್ದು ಇಡುತ್ತಾರೆ. ಕೆಳಗಿನ ಜಲಪಾತದ ಕಡೆಯಿಂದ ಶುರು ಮಾಡಿ, ಗಡ್ಡೆಯನ್ನು ಉದ್ದಕ್ಕೆ ಕೊಯ್ದು ಸಡಿಲ ಮಾಡಿಕೊಂಡು, ಆಮೇಲೆ ಸಿಡಿಸುತ್ತಾ ಮೇಲಕ್ಕೆ ಹೋಗುತ್ತಾರೆ. ಚಿತ್ರದುರ್ಗ ಕಡೆ ಕಲ್ಲುಕ್ವಾರಿ ಕೆಲಸ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮದ್ದನ್ನು ಬಂಡೆಯ ಮೇಲೆ ಸುಮ್ನೆ ಇಟ್ಟು ಸಿಡಿಸಿದರೆ ಶಬ್ದವೇ ಜಾಸ್ತಿ, ಕುಳಿ ತೋಡಿ ಒಳಗೆ ಇಟ್ಟರೆ ಬಂಡೆ ಬಿಡುತ್ತದೆ. ಇಲ್ಲಿಯೂ ಮದ್ದನ್ನು ಗಡ್ಡೆಗೆ ತೂತು ಕೊರೆದು ಕೆಳಗಿನ ನೀರಿಗೆ ಇಳಿಬಿಟ್ಟು ಸಿಡಿಸುತ್ತಾರೆ. ಹುಟ್ಟಿದ ಅನಿಲದ ಗುಳ್ಳೆ ಗಡ್ಡೆಯನ್ನು ಕೆಳಗಿನಿಂದ ಎತ್ತಿ ಬಗ್ಗಿಸಿ ಮುರಿಯುತ್ತದೆ. ಮಂಜುಗಡ್ಡೆ ಒತ್ತಿದರೆ ಸುಲಭಕ್ಕೆ ಒಡೆಯುವುದಿಲ್ಲ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಈ ಹೊಳೆಗಳ ಸೇತುವೆ ಕಂಬಗಳ ಮೂತಿಯನ್ನು ಇಳಿಜಾರಾಗಿ ಕಟ್ಟುವುದೂ ಇದಕ್ಕೇ. ಚಪ್ಪಡಿ ಮೇಲೆ ಹತ್ತಿ ತಾನೇ ಮುರಿದು ಬೀಳಲಿ ಅಂತ.

ಸಡಿಲ ಮಾಡುವುದಕ್ಕೆ ತದ್ವಿರುದ್ಧ ಉಪಾಯವೂ ಇದೆ, ಅದೇ ನನಗೆ ತುಂಬಾ ಹಿಡಿಸಿದ್ದು. ಗಡ್ಡೆಯನ್ನು ಊರಿಗಿಂತ ಮೇಲೆ, ಯಾರಿಗೂ ತೊಂದರೆಯಾಗದ ಜಾಗದಲ್ಲಿ ಬೇಕಂತಲೇ ಹಿಡಿದು ನಿಲ್ಲಿಸುವುದು. ಜಾಮ್ ಆಗಲಿ, ಆದರೆ ನಾವು ಹೇಳಿದ ಕಡೆ ಆಗಲಿ. ಕೆನಡಾದ ಕ್ವಿಬೆಕ್‌ನಲ್ಲಿ ಶೋಡಿಯೇರ್ ನದಿಗೆ ಸೇಂಟ್ ಜಾರ್ಜಸ್ ಊರಿನ ಮೇಲೆ 1967ರಲ್ಲಿ ಕಟ್ಟಿದ ಸಾರ್ಟಿಗನ್ ಅಣೆಕಟ್ಟಿನ ಮುಖ್ಯ ಕೆಲಸವೇ ಗಡ್ಡೆ ತಡೆಯುವುದು, ನೀರಾವರಿಯಲ್ಲ. ಎಲ್ಲ ಕಡೆ ಇಷ್ಟು ದೊಡ್ಡದು ಬೇಕಾಗಿಲ್ಲ. ವರ್ಮಾಂಟಿನ ಹಾರ್ಡ್‌ವಿಕ್ ಅನ್ನುವ ಸಣ್ಣ ಊರಲ್ಲಿ ಲಮಾಯಿಲ್ ನದಿಗೆ ಅಡ್ಡಲಾಗಿ, ನಡುವೆ ಸಂದು ಬಿಟ್ಟು, ಇಳಿಜಾರಾಗಿ ಕೂರಿಸಿದ ದೊಡ್ಡ ಗ್ರಾನೈಟ್ ಬಂಡೆಗಳೇ ಸಾಕಾದವು. ಗಡ್ಡೆ ಬಂಡೆಗಳ ಹಿಂದೆ ನಿಲ್ಲುತ್ತದೆ. ನೀರು ಸಂದಿನಿಂದ, ಪಕ್ಕದ ಖಾಲಿ ಬಯಲಿನಿಂದ ಬಳಸಿಕೊಂಡು ಹೋಗುತ್ತದೆ. ಆ ಬಯಲು ಖಾಲಿ ಇರುವುದು ಬಹಳ ಮುಖ್ಯ. ಅಲ್ಲಿ ಲೇಔಟ್ ಮಾಡಿ ಸೈಟ್ ಹಂಚಿದರೆ ಬಂಡೆ ಇಟ್ಟೂ ಪ್ರಯೋಜನವಿಲ್ಲ.

ಈರಿ ಸರೋವರದಿಂದ ನಯಾಗರಾ ನದಿ ಹೊರಡುವ ಬಾಯಿಗೆ 1964ರಿಂದ ಪ್ರತಿ ಚಳಿಗಾಲ ಒಂದು ಐಸ್ ಬೂಮ್ ಕಟ್ಟುತ್ತಾರೆ. ಉಕ್ಕಿನ ಹಗ್ಗಕ್ಕೆ ಜೋಡಿಸಿದ ತೇಲುವ ಉಕ್ಕಿನ ಕೊಳವೆಗಳ ಸಾಲು, ಸುಮಾರು 2.7 ಕಿಲೋಮೀಟರ್ ಉದ್ದ. ಇದು ಗೋಡೆಯ ಹಾಗೆ ನಿಲ್ಲುವುದಿಲ್ಲ. ಅದರ ಹಿಂದೆ ಗಡ್ಡೆಗಳು ತಾವೇ ಕಮಾನು ಕಟ್ಟಿಕೊಂಡು ಗಟ್ಟಿಯಾಗಲು ಆಸರೆ ಕೊಡುತ್ತದೆ ಅಷ್ಟೇ. ಜೋರು ಗಾಳಿಯಲ್ಲಿ ಒತ್ತಡ ಜಾಸ್ತಿಯಾದರೆ ಕೊಳವೆ ಮುಳುಗಿ ಗಡ್ಡೆಯನ್ನು ಮೇಲಿಂದ ಬಿಟ್ಟುಕೊಡುತ್ತದೆ, ಒತ್ತಡ ಇಳಿದ ಮೇಲೆ ಮತ್ತೆ ತೇಲುತ್ತದೆ. ಕೆಳಗಿನ ವಿದ್ಯುತ್ ಕೇಂದ್ರಗಳ ಬಾಯಿ ಕಟ್ಟದಂತೆ ಕಾಯುವುದು ಇದೇ.

ಅಣೆಕಟ್ಟುಗಳಿರುವ ಹೊಳೆಯಲ್ಲಿ ಗೇಟಿನ ಕೆಲಸವೂ ದೊಡ್ಡದು. ನಾವು ಇಲ್ಲಿ ಬೇಸಿಗೆ ಬೆಳೆಗೆ ನೀರು ಯಾವಾಗ ಬಿಡುತ್ತಾರೆ ಅಂತ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯ ಕಡೆ ನೋಡುತ್ತೇವೆ. ಅಲ್ಲಿ ಹೆಪ್ಪುಗಟ್ಟುವ ವಾರಗಳಲ್ಲಿ ಹೊರಹರಿವನ್ನು ಏರುಪೇರು ಮಾಡದೆ ಸ್ವಲ್ಪ ಹೆಚ್ಚಾಗಿಯೇ ಇಡುತ್ತಾರೆ, ಗಡ್ಡೆ ಎತ್ತರದಲ್ಲಿ ಕಟ್ಟಿ ಕೆಳಗೆ ನೀರಿಗೆ ಜಾಗ ಉಳಿಯಲಿ ಅಂತ. ಒಡೆಯುವ ಹೊತ್ತಿಗೆ ಹೊರಹರಿವು ಇಳಿಸುತ್ತಾರೆ, ಗಡ್ಡೆ ಬಲವಂತವಾಗಿ ಏಳದೆ ಬಿಸಿಲಿಗೆ ಹಣ್ಣಾಗಲಿ ಅಂತ. ಹಳದಿ ನದಿಯ ಲ್ಯೂಜಿಯಾಶಿಯಾ ಜಲಾಶಯವನ್ನು ಹೀಗೆ ಬಳಸುತ್ತಾರೆ. ಕೆನಡಾದ ಪೀಸ್ ನದಿಯಲ್ಲಿ ಮೇಲಿನ ಪ್ರಾಂತ್ಯದ ವಿದ್ಯುತ್ ಸಂಸ್ಥೆ ಮತ್ತು ಕೆಳಗಿನ ಪ್ರಾಂತ್ಯ ಕೂತು ಮಾತಾಡಿಕೊಂಡು ಹೊರಹರಿವು ನಿರ್ಧರಿಸುತ್ತವೆ. ಇದಕ್ಕೆ ಬೆಲೆಯೂ ಇದೆ. ಚಳಿಯಲ್ಲಿ ವಿದ್ಯುತ್‌ಗೆ ಬೇಡಿಕೆ ಏರಿದಾಗಲೂ ಟರ್ಬೈನನ್ನು ಇಷ್ಟಬಂದಂತೆ ಓಡಿಸುವ ಹಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಜಾಮ್ ಕಟ್ಟಿಬಿಟ್ಟರೆ? ಆಗ ಟಿವಿಯಲ್ಲಿ ಬರುವುದು ಬಾಂಬ್ ಹಾಕುವ ವಿಮಾನದ ಚಿತ್ರ. 2001ರ ಮೇ ತಿಂಗಳಲ್ಲಿ ಲೇನಾ ದಡದ ಲೆನ್‌ಸ್ಕ್ ಪಟ್ಟಣದ ಹತ್ತಿರ ಜಾಮ್ ಕಟ್ಟಿ ನೀರು ಸುಮಾರು 20 ಮೀಟರ್ ಏರಿತು. ಯುದ್ಧವಿಮಾನಗಳು ಬಂದು ಗಡ್ಡೆಯ ಮೇಲೆ ಬಾಂಬ್ ಹಾಕಿದವು. ಊರು ಉಳಿಯಲಿಲ್ಲ. ಸಾವಿರಾರು ಮನೆ ಹೋದವು, ಬಹುಪಾಲು ಊರನ್ನು ಹೊಸದಾಗಿ ಕಟ್ಟಬೇಕಾಯಿತು. ಯಾಕೆ ಹೀಗೆ? ಜಾಮ್ ಅನ್ನುವುದು ಆಗಲೇ ಒಡೆದ ತುಂಡುಗಳ ರಾಶಿ. ಅದನ್ನು ಇನ್ನಷ್ಟು ಒಡೆದರೂ ಕೆಳಗೆ ತೇಲಿ ಹೋಗಲು ದಾರಿ ಇಲ್ಲದಿದ್ದರೆ ಅಲ್ಲೇ ಕೂರುತ್ತದೆ. ಕೆಳಗೆ ತೆರೆದ ನೀರಿದ್ದು, ಜಾಮ್‌ನ ಮುಂತುದಿ ದಡಕ್ಕೆ ಹತ್ತಿರವಿದ್ದು, ಅಲ್ಲಿಗೆ ಹಿಟಾಚಿ ಹೋಗುವಂತಿದ್ದರೆ, ಮುಂತುದಿಯನ್ನು ಬಿಡಿಸಿ ಫಲ ಸಿಕ್ಕ ಉದಾಹರಣೆಗಳಿವೆ. ಪೋಲೆಂಡ್, ಜರ್ಮನಿ ನಡುವಿನ ಓಡರ್ ನದಿಯಲ್ಲಿ ಎರಡೂ ದೇಶಗಳ ಹಿಮಭಂಜಕ ಹಡಗುಗಳು ಜೊತೆಯಾಗಿ ಕೆಲಸ ಮಾಡುತ್ತವೆ. ಅವೂ ಕೆಳಗಿನಿಂದಲೇ ಮೇಲಕ್ಕೆ ಹೋಗುತ್ತವೆ. ಒಂದು ವೇಳೆ ಜಾಮ್ ಇದ್ದಕ್ಕಿದ್ದಂತೆ ಬಿಟ್ಟುಕೊಂಡರೆ ಹಿಂದೆ ನಿಂತ ನೀರೆಲ್ಲ ಚಪ್ಪಡಿಗಳ ಸಮೇತ ಅಲೆಯಾಗಿ ಕೆಳಗಿನ ಊರಿಗೆ ನುಗ್ಗುತ್ತದೆ. ಒಂದು ಊರನ್ನು ಉಳಿಸಲು ಹೋಗಿ ಇನ್ನೊಂದನ್ನು ಮುಳುಗಿಸಿದರೆ ಆ ಹೊಣೆ ಯಾರದು? ಸಿಡಿಸುವ ಮೊದಲು ಕೆಳಗಿನವರನ್ನು ಖಾಲಿ ಮಾಡಿಸಲೇಬೇಕು. ವಿಮಾನಕ್ಕೆ ಖರ್ಚು ಮಾಡುವ ಹಣದಲ್ಲಿ ಸ್ವಲ್ಪ ಭಾಗ ಮಾರ್ಚ್‌ನಲ್ಲೇ ಮರಳಿಗೂ ಗರಗಸಕ್ಕೂ ಹೋದರೆ ಎಷ್ಟೋ ಮನೆ ಉಳಿಯುತ್ತವೆ ಅನ್ನುವುದು ನನ್ನ ಬಲವಾದ ಅನಿಸಿಕೆ.

ಮುನ್ಸೂಚನೆಯ ವಿಷಯಕ್ಕೆ ಬಂದರೆ, ಯಾವ ವಾರದಲ್ಲಿ ಒಡೆಯಬಹುದು ಅಂತ ಹೇಳಬಹುದು, ಯಾವ ತಿರುವಿನಲ್ಲಿ ಯಾವ ಗಂಟೆಗೆ ಜಾಮ್ ಕಟ್ಟುತ್ತದೆ ಅಂತ ಹೇಳುವುದು ಇವತ್ತಿಗೂ ಕಷ್ಟ. ಅಲಾಸ್ಕಾದ ನೆನಾನಾ ಊರಲ್ಲಿ ಟನಾನಾ ನದಿಯ ಗಡ್ಡೆ ಯಾವ ದಿನ, ಯಾವ ನಿಮಿಷ ಒಡೆಯುತ್ತದೆ ಅಂತ 1917ರಿಂದ ಜನ ಪಂದ್ಯ ಕಟ್ಟುತ್ತಿದ್ದಾರೆ. ಆ ಪಂದ್ಯದ ದಾಖಲೆಯೇ ಈಗ ಹವಾಮಾನ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದಿದೆ. ಫಿನ್‌ಲ್ಯಾಂಡಿನ ಟೋರ್ನಿಯೋ ನದಿಗಂತೂ 1693ರಿಂದ ಗಡ್ಡೆ ಒಡೆದ ದಿನದ ದಾಖಲೆ ಇದೆ. ಇದ್ಯಾವುದೂ ಇಲ್ಲದ ಕಡೆ ಮರ ಹೇಳುತ್ತದೆ. ದಡದ ಮರಗಳ ಮೇಲ್ಹೊಳೆ ಕಡೆಯ ಮೈಗೆ ಚಪ್ಪಡಿ ಉಜ್ಜಿ ಗಾಯವಾಗಿರುತ್ತದೆ. ಗಾಯದ ಎತ್ತರ ನೋಡಿದರೆ ಹಿಂದೆ ಗಡ್ಡೆ ಎಲ್ಲಿವರೆಗೆ ಬಂದಿತ್ತು ಅಂತ ಗೊತ್ತಾಗುತ್ತದೆ, ಕಾಂಡದ ಉಂಗುರ ಎಣಿಸಿದರೆ ಯಾವ ವರ್ಷ ಅಂತಲೂ ಗೊತ್ತಾಗುತ್ತದೆ.

ಈಗ ರಾಡಾರ್ ಉಪಗ್ರಹಗಳು ಬಂದಿವೆ. ಮೋಡ ಇರಲಿ, ಕತ್ತಲಿರಲಿ, ಅವಕ್ಕೆ ಕಾಣುತ್ತದೆ. ನುಣುಪಾದ ಗಡ್ಡೆ ಚಿತ್ರದಲ್ಲಿ ಕಪ್ಪಾಗಿ, ಒಡೆದು ರಾಶಿಬಿದ್ದ ಗಡ್ಡೆ ಬೆಳ್ಳಗೆ ಬರುತ್ತದೆ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಉಪಗ್ರಹವೂ ಇಂಥ ರಾಡಾರ್ ಹೊತ್ತಿದೆ. ಆದರೆ ಅದು ಅದೇ ದಾರಿಗೆ ಮರಳುವುದು 12 ದಿನಕ್ಕೊಮ್ಮೆ. ಜಾಮ್ ಗಂಟೆಗಳಲ್ಲಿ ಕಟ್ಟುತ್ತದೆ. ಹಾಗಾಗಿ ಅಲಾಸ್ಕಾದಲ್ಲಿ ವಸಂತ ಬಂದರೆ ಹವಾಮಾನ ಇಲಾಖೆಯವರು ಸಣ್ಣ ವಿಮಾನದಲ್ಲಿ ಹೊಳೆಯುದ್ದಕ್ಕೂ ಹಾರಿ ನೋಡುತ್ತಾರೆ, ಹಳ್ಳಿಯವರು ಫೋನ್ ಮಾಡಿ ಹೇಳುತ್ತಾರೆ. 2013ರಲ್ಲಿ ಯೂಕಾನ್ ನದಿಯ ದಡದ ಗಲೀನಾ ಊರು ಮುಳುಗಿದಾಗ ಬಹುಪಾಲು ಜನರನ್ನು ವಿಮಾನದಲ್ಲೇ ಹೊರಗೆ ಸಾಗಿಸಬೇಕಾಯಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ನೆರೆಯನ್ನು ಪೂರ್ತಿ ಇಲ್ಲವಾಗಿಸುವುದೂ ತಪ್ಪೇ. ಪೀಸ್ ಮತ್ತು ಅಥಾಬಾಸ್ಕ ನದಿಗಳು ಸೇರುವ ದೊಡ್ಡ ಮುಖಜಭೂಮಿಯಲ್ಲಿ ಹೊಳೆಗಿಂತ ಎತ್ತರದಲ್ಲಿರುವ ನೂರಾರು ಕೆರೆಗಳಿವೆ. ಅವುಗಳಿಗೆ ನೀರು ಹತ್ತುವುದು ಬಹುತೇಕ ಐಸ್ ಜಾಮ್ ನೆರೆಯಿಂದಲೇ. ನೆರೆ ಬರದಿದ್ದರೆ ಕೆರೆ ಒಣಗುತ್ತದೆ, ಹಕ್ಕಿ ಬರುವುದಿಲ್ಲ, ಅದನ್ನೇ ನಂಬಿದ ಮೂಲನಿವಾಸಿಗಳ ಬದುಕು ಕೆಡುತ್ತದೆ. ಕೆರೆ ಕೋಡಿ ಬೀಳಲಿ ಅಂತ ವರ್ಷಗಟ್ಟಲೆ ಕಾಯುವ ನಾಡಿನವರು ನಾವು. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿನ ಜನ ಎಷ್ಟು ಸಂಭ್ರಮಿಸಿದರು ಅಂತ ನೋಡಿದ್ದೇವಲ್ಲ. ಊರಿರುವ ಕಡೆ ತಡೆಯಬೇಕು, ಕೆರೆಯಿರುವ ಕಡೆ ಬಿಡಬೇಕು. ಚಳಿಗಾಲದ ನಡುವೆಯೇ ಬೆಚ್ಚಗಾಗಿ ಮಳೆ ಬಿದ್ದು ಗಡ್ಡೆ ಅಕಾಲದಲ್ಲಿ ಒಡೆಯುವುದು, ಜಾಮ್ ಕಟ್ಟಿ ಮತ್ತೆ ಚಳಿಗೆ ಅಲ್ಲೇ ಹೆಪ್ಪುಗಟ್ಟುವುದು, ಇದೂ ಈಗ ದೊಡ್ಡ ಚಿಂತೆಯಾಗಿದೆ. ಹವಾಮಾನ ಬಿಸಿಯಾದರೆ ಗಡ್ಡೆಯೂ ಇಲ್ಲ, ಗಲಾಟೆಯೂ ಇಲ್ಲ ಅನ್ನುವ ಹಾಗಿಲ್ಲ.

ಕೊನೆಗೆ, ಅಂಥ ಊರುಗಳಲ್ಲಿರುವ ನಮ್ಮ ಮಕ್ಕಳಿಗೆ. ಬಾಡಿಗೆ ಕಡಿಮೆ ಅಂತ ತುಂಬಾ ಜನ ಬೇಸ್‌ಮೆಂಟಿನಲ್ಲಿ ಇರುತ್ತೀರಿ. ಮನೆ ಹಿಡಿಯುವ ಮೊದಲು ಆ ಬೀದಿ ನೆರೆಯ ನಕ್ಷೆಯಲ್ಲಿ ಇದೆಯಾ ಅಂತ ನಗರಸಭೆಯ ವೆಬ್‌ಸೈಟಿನಲ್ಲಿ ನೋಡಿ. ಬಾಡಿಗೆದಾರರ ವಿಮೆ ಮಾಡಿಸುವಾಗ ಹೊಳೆಯ ನೀರು ನುಗ್ಗಿದರೆ ಪರಿಹಾರ ಸಿಗುತ್ತದಾ ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಗಡ್ಡೆ ಹೊರಡುವುದನ್ನು ವಿಡಿಯೋ ಮಾಡಲು ದಡದ ಅಂಚಿಗೆ ಹೋಗಬೇಡಿ, ಚಪ್ಪಡಿಗಳು ದಡ ಹತ್ತುತ್ತವೆ. ಹೊಳೆಯ ಮಟ್ಟ ಕಾರಣವಿಲ್ಲದೆ ಸರ್ರನೆ ಇಳಿದರೆ ನೆರೆ ಮುಗಿಯಿತು ಅಂದುಕೊಳ್ಳಬೇಡಿ. ಮೇಲೆ ಎಲ್ಲೋ ಜಾಮ್ ಕಟ್ಟಿರಬಹುದು. 1848ರ ಮಾರ್ಚ್ 29ರಂದು ಈರಿ ಸರೋವರದ ಬಾಯಲ್ಲಿ ಗಡ್ಡೆ ಸಿಕ್ಕಿ ನಯಾಗರಾ ಜಲಪಾತವೇ ನಿಂತುಹೋಗಿತ್ತು. ಜನ ಒಣಗಿದ ಹೊಳೆಯೊಳಗೆ ಇಳಿದು ಓಡಾಡಿದರು, ಆಮೇಲೆ ತಡೆ ಬಿಟ್ಟುಕೊಂಡು ನೀರು ಒಮ್ಮೆಲೇ ವಾಪಸ್ ಬಂತು. ಮನೆ ಖಾಲಿ ಮಾಡಿ ಅಂತ ಫೋನಿಗೆ ಸಂದೇಶ ಬಂದರೆ ಪಾಸ್‌ಪೋರ್ಟ್, ಔಷಧಿ, ದಪ್ಪ ಜಾಕೆಟ್ ತೆಗೆದುಕೊಂಡು ಆ ಕ್ಷಣವೇ ಹೊರಡಿ. ಅಮ್ಮನಿಗೆ ಫೋನ್ ಮಾಡುವುದನ್ನು ಎತ್ತರದ ಜಾಗಕ್ಕೆ ಹೋದ ಮೇಲೆ ಮಾಡಿ.